ಪೋಷಕರ ಕೋರಿಕೆಯ ಮೇರೆಗೆ

ಇದನ್ನು ಹೇಳಿಬಿಡಬೇಕು ಎಂದು ಮನೆಯಿಂದ ಹೊರಟು, ಹೇಳದೆ ವಾಪಸು ಬಂದದ್ದು ಒಂದೆರಡು ಸಲವಲ್ಲ. ಒಮ್ಮೆ ನೆಲ್ಯಾಡಿಯಲ್ಲಿ ಬಸ್ಸಿಳಿದು, ಎದುರಿನ ಹೋಟೆಲಿನಲ್ಲಿ ಒಂದು ಚಾ ಕುಡಿದು, ಅದೇ ಬಸ್ಸು ತಿರುಗಿ ಬರುವಾಗ ಹತ್ತಿ ಮನೆಗೆ ಬಂದಿದ್ದೆ. ಹೆಂಡತಿ ಕೇಳಿದಾಗ, ಹುಡುಕಿಕೊಂಡು ಹೋದವರು ಸಿಗಲಿಲ್ಲ ಎಂದೆ. ಅದೂ ಸುಳ್ಳೇ. ನನಗೀಗ ಎಪ್ಪತ್ತು ದಾಟಿದೆ. ಬಾಯಿಯಿಂದ ಆಗದ್ದು ಕೈಯಿಂದ ಆಗುತ್ತದೋ ನೋಡೋಣ ಎಂದು ಬರೆಯಲು ಕುಳಿತಿದ್ದೇನೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಕಡಬದಿಂದ ನೆಲ್ಯಾಡಿಯ ಕಡೆಗೆ ಹೋಗುವ ದಾರಿಯಲ್ಲಿರುವ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಗುಮಾಸ್ತನಾಗಿದ್ದೆ. ನಿವೃತ್ತಿಯಾದ ಮೇಲೆ ನನ್ನ ಜಾಗಕ್ಕೆ ಸರಕಾರ ಯಾರನ್ನೂ ಕೊಡಲಿಲ್ಲ. ಆಡಳಿತ ಮಂಡಳಿಯ ಅಧ್ಯಕ್ಷರು ಮನೆಗೇ ಬಂದು, "ಬರ್ತಾ ಇರಿ ಮಾರಾಯ್ರೆ, ನಿಮಗೆ ಮನೆಯಲ್ಲಿ ಕೂತು ಎಂತ ಮಾಡ್ಲಿಕ್ಕುಂಟು?" ಎಂದರು. ಹೋದೆ. ಆ ಕುರ್ಚಿ, ಆ ಕಪಾಟಿನ ಬೀಗದ ಕೈ ಇಲ್ಲದೆ ನನಗೂ ಹೊತ್ತು ಹೋಗುತ್ತಿರಲಿಲ್ಲ.

ನನ್ನ ಅಕ್ಷರ ಚೆನ್ನಾಗಿತ್ತು. ಅದು ನನ್ನ ದೊಡ್ಡ ಹೆಮ್ಮೆ. ದಾಖಲಾತಿ ಪುಸ್ತಕ ನೋಡಿದ ಇನ್‌ಸ್ಪೆಕ್ಟರರು "ಇದು ಅಚ್ಚು ಹಾಕಿಸಿದ್ದಾ?" ಎಂದು ಕೇಳುತ್ತಿದ್ದರು. ಆದರೆ ಆ ಚಂದದ ಅಕ್ಷರದಲ್ಲಿ ನಾನು ಬರೆಯುತ್ತಿದ್ದದ್ದು ಎಂತದು? ತಂದೆಯ ಉದ್ಯೋಗ ಎಂಬ ಕಾಲಂನಲ್ಲಿ ಮೊದಲ ಮಗುವಿಗೆ 'ಕೃಷಿ' ಎಂದು ಬರೆದು, ಕೆಳಗಿನವರಿಗೆಲ್ಲ ಎರಡೆರಡು ಚುಕ್ಕಿ ಗೀಚಿಕೊಂಡು ಹೋಗುತ್ತಿದ್ದೆ. ಜೀಪು ಓಡಿಸುವವರ ಮಗ, ಬೀಡಿ ಕಟ್ಟುವವರ ಮಗಳು, ಬೇರೆಯವರ ತೋಟದಲ್ಲಿ ರಬ್ಬರು ಮರ ಕೆತ್ತಿ ಹಾಲು ಇಳಿಸುವವರ ಮಕ್ಕಳು, ಎಲ್ಲರೂ ಕೃಷಿ. ಮಾತೃಭಾಷೆಗೆ 'ಕನ್ನಡ', ಮತ್ತೆ ಕೆಳಗೆ ಚುಕ್ಕಿಗಳ ಸಾಲು. ತುಳು, ಅರೆಭಾಷೆ, ಬ್ಯಾರಿ, ಮಲಯಾಳ ಮಾತಾಡುವ ಮಕ್ಕಳು ತುಂಬಿದ್ದ ಶಾಲೆ ನನ್ನ ಪುಸ್ತಕದಲ್ಲಿ ಒಂದೇ ಭಾಷೆಯದ್ದಾಗಿತ್ತು.

ನಮ್ಮ ಶಾಲೆಗೆ ಆಗ ವರ್ಷ ವರ್ಷವೂ ಹತ್ತನೇ ತರಗತಿಯಲ್ಲಿ ನೂರಕ್ಕೆ ನೂರು ಫಲಿತಾಂಶ. ಗೇಟಿನ ಪಕ್ಕ ಫ್ಲೆಕ್ಸ್ ಏಳುತ್ತಿತ್ತು. ಅದರಲ್ಲಿ ಅಧ್ಯಕ್ಷರ ಫೋಟೋ ದೊಡ್ಡದು, ಮಕ್ಕಳದ್ದು ಸಣ್ಣದು. ಆ ನೂರು ಬರುತ್ತಿದ್ದದ್ದು ಹೇಗೆಂದು ನನಗೆ ಗೊತ್ತಿತ್ತು. ಪರೀಕ್ಷೆಗೆ ಹೆಸರು ಕಳಿಸುವ ಮೊದಲು ಆಗಿನ ಹೆಡ್‌ಮಾಸ್ಟರರು ಒಂದು ಚೀಟಿ ಮಾಡುತ್ತಿದ್ದರು. ಪಾಸಾಗಲಿಕ್ಕಿಲ್ಲ ಎಂದು ಅವರಿಗೆ ಅನಿಸಿದ ಮಕ್ಕಳ ಹೆಸರು ಅದರಲ್ಲಿರುತ್ತಿತ್ತು. ಅವರ ಅಪ್ಪ ಅಮ್ಮಂದಿರನ್ನು ಕರೆಸಿ, "ಬಿದ್ದರೆ ಮಕ್ಕಳಿಗೇ ಅವಮಾನ. ಟೀಸಿ ತಕ್ಕೊಳ್ಳಿ. ಪುತ್ತೂರಿನಲ್ಲಿ ಟ್ಯುಟೋರಿಯಲ್ ಉಂಟು, ಖಾಸಗಿಯಾಗಿ ಕಟ್ಟಬಹುದು" ಎಂದು ಹೇಳುವುದು ನನ್ನ ಪಾಲಿನ ಕೆಲಸ. ಟೀಸಿ ಕೊಡಬೇಕಾದರೆ ಪೋಷಕರ ಅರ್ಜಿ ಬೇಕು. ಅರ್ಜಿ ಬರೆಯುವವನು ನಾನು. 'ಪೋಷಕರ ಕೋರಿಕೆಯ ಮೇರೆಗೆ' ಎಂದು ಟೀಸಿಯಲ್ಲಿ ಕಾರಣ ಬರೆಯುವವನೂ ನಾನೇ. ಅವರು ಸಹಿ ಹಾಕಿದರೆ ಮುಗಿಯಿತು. ಟ್ಯುಟೋರಿಯಲಿಗೆ ಹೋದವರನ್ನು ನಾನು ಕಂಡದ್ದಿಲ್ಲ. ಇದನ್ನು ಶಾಲೆಗೆ ಮಾಡುವ ಸೇವೆ ಎಂದೇ ಆಗ ತಿಳಿದಿದ್ದೆ.

ಒಂದು ವರ್ಷ ಆ ಚೀಟಿಯಲ್ಲಿ ಒಬ್ಬಳು ಹುಡುಗಿಯ ಹೆಸರಿತ್ತು. ಅವಳ ಅಪ್ಪ ಗಡಿಯಾಚೆಯಿಂದ ಬಂದು ನೆಲ್ಯಾಡಿಯ ಹತ್ತಿರ ಒಬ್ಬರ ತೋಟದಲ್ಲಿ ರಬ್ಬರು ಕೆತ್ತುತ್ತಿದ್ದರು. ಹುಡುಗಿ ಆರನೆಯವರೆಗೆ ಮಲಯಾಳದಲ್ಲಿ ಓದಿ ಬಂದವಳು. ಲೆಕ್ಕ ಚೆನ್ನಾಗಿ ಮಾಡುತ್ತಿದ್ದಳು. ಕನ್ನಡ ಓದುವಾಗ ಬೆರಳಿಟ್ಟುಕೊಂಡು ನಿಧಾನವಾಗಿ ಓದುತ್ತಿದ್ದಳು, ಹಾಗಾಗಿ ಉಳಿದ ವಿಷಯಗಳಲ್ಲಿ ಉತ್ತರ ಮುಗಿಯುವ ಮೊದಲೇ ಗಂಟೆ ಹೊಡೆಯುತ್ತಿತ್ತು.

ಅವಳ ಅಪ್ಪ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬಂದಿದ್ದರು. ಶಾಲೆಯಿಂದ ಕರೆ ಬಂದದ್ದು ಒಳ್ಳೆಯದಕ್ಕೇ ಎಂದು ತಿಳಿದಿದ್ದರು ಎಂದು ಕಾಣುತ್ತದೆ. ನಾನು ಹೇಳುವುದನ್ನೆಲ್ಲ ಹೇಳಿದೆ. ಅವರು ಒಪ್ಪಲಿಲ್ಲ.

"ಇಲ್ಲ ಸಾರ್, ಅವಳು ಓದ್ತಾಳೆ. ನಾಲ್ಕು ಗಂಟೆಗೆ ನನ್ನ ಜೊತೆ ಏಳ್ತಾಳೆ, ಓದ್ತಾಳೆ."

"ಓದಿ ಎಂತ ಪ್ರಯೋಜನ? ಮಾರ್ಕು ಬರಬೇಕಲ್ಲ."

"ಬರ್ತದೆ ಸಾರ್. ಒಂದು ಸಲ ಬಿದ್ರೆ ಬೀಳ್ಲಿ. ಪುನಃ ಕಟ್ತಾಳೆ."

ಬೇರೆಯವರೆಲ್ಲ ಇಷ್ಟು ಹೊತ್ತಿಗೆ ತಲೆ ತಗ್ಗಿಸಿ ಸಹಿ ಹಾಕಿರುತ್ತಿದ್ದರು. ಹೆಸರುಗಳ ಪಟ್ಟಿ ಅಂದೇ ಹೋಗಬೇಕಿತ್ತು. ಒಳಗಿನಿಂದ ಹೆಡ್‌ಮಾಸ್ಟರರು ಎರಡು ಸಲ ಕೆಮ್ಮಿದರು. ನನ್ನ ಬಸ್ಸಿಗೂ ಹೊತ್ತಾಗಿತ್ತು. ಆಗ ನನ್ನ ಬಾಯಿಯಿಂದ ಬಂದ ಮಾತು ಇದು: "ನೋಡಿ, ಅವಳೇ ಹೇಳಿದ್ದಾಳೆ, ಇನ್ನು ಓದುದಿಲ್ಲ ಅಂತ. ನಿಮ್ಮತ್ರ ಹೇಳ್ಲಿಕ್ಕೆ ಹೆದರಿಕೆ ಅಂತೆ. ನನ್ನತ್ರ ಹೇಳಿದ್ಲು."

ಅವಳು ನನ್ನ ಹತ್ತಿರ ಎಂತದೂ ಹೇಳಿರಲಿಲ್ಲ. ಆ ಹುಡುಗಿಯೊಡನೆ ನಾನು ಅಲ್ಲಿಯವರೆಗೆ ಒಂದು ಮಾತೂ ಆಡಿದವನಲ್ಲ.

"ಅವಳು ಹೇಳಿದ್ದಾ?" ಎಂದು ಕೇಳಿದರು. ನಾನು ಹೌದೆಂದೆ. ಆಮೇಲೆ ಪೆನ್ನು ತೆಗೆದುಕೊಂಡು ಮಲಯಾಳದಲ್ಲಿ ಸಹಿ ಹಾಕಿದರು. ನಾನು ಬಸ್ಸು ಹಿಡಿದೆ. ಆ ವರ್ಷವೂ ನೂರಕ್ಕೆ ನೂರು.

ಹೆಡ್‌ಮಾಸ್ಟರರು ನಿವೃತ್ತರಾದರು. ಜೂನಿನಲ್ಲಿ ಮಂಡಳಿಯದೇ ಇನ್ನೊಂದು ಶಾಲೆಯಿಂದ ಒಬ್ಬರು ಮುಖ್ಯೋಪಾಧ್ಯಾಯಿನಿ ಬಂದರು. ಸುಳ್ಯದ ಕಡೆಯವರು, ಮನೆಯಲ್ಲಿ ಅರೆಭಾಷೆ ಮಾತಾಡುವ ಕೃಷಿಕರ ಕುಟುಂಬ. ಸಣ್ಣ ಆಳು, ದೊಡ್ಡ ಸ್ವರ. ಬಂದ ವಾರವೇ ಇಲಾಖೆಯಿಂದ ಪತ್ರ ಬಂತು. ಶಾಲೆಯ ಸಾಧನೆ ಮತ್ತು ಮಕ್ಕಳ ವಿವರಗಳ ಮೌಲ್ಯಮಾಪನಕ್ಕೆ ತಂಡ ಬರುತ್ತದೆ, ಇಂತಿಂಥ ನಮೂನೆ ತುಂಬಿಸಿಡಬೇಕು ಎಂದು.

"ಅದು ಒಂದು ಮಧ್ಯಾಹ್ನದ ಕೆಲಸ ಮೇಡಂ. ನಾನು ತುಂಬಿಸಿ ಇಡ್ತೇನೆ" ಎಂದೆ.

ಅವರು ದಾಖಲಾತಿ ಪುಸ್ತಕ ತರಿಸಿ ನೋಡಿದರು. "ಅಕ್ಷರ ಭಾರೀ ಚಂದ ಸಾರ್" ಎಂದರು. ನಾನು ಉಬ್ಬಿದೆ. ಚುಕ್ಕಿಗಳ ಸಾಲಿನ ಮೇಲೆ ಬೆರಳಾಡಿಸುತ್ತಾ, "ಇವರೆಲ್ಲರ ಅಪ್ಪ ಒಬ್ಬನೇ ಏನೋ ಅಂತ ಕಾಣ್ತದೆ" ಎಂದರು.

ಕೋಣೆಯಲ್ಲಿದ್ದ ಮೇಷ್ಟ್ರುಗಳು ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ಮನಸ್ಸಿನಲ್ಲಿ ಉಳಿಯಿತು.

ಆಮೇಲೆ ಅವರು ಮಾಡಿದ ಕೆಲಸವನ್ನು ನಾನು ನನ್ನ ಜೀವಮಾನದಲ್ಲಿ ಬೇರೆ ಯಾವ ಶಾಲೆಯಲ್ಲಿಯೂ ಕಂಡದ್ದಿಲ್ಲ. ಪ್ರತಿಯೊಂದು ಮಗುವಿಗೂ ಒಂದು ಹಾಳೆ ಕೊಟ್ಟರು. ನಿನ್ನ ಮನೆ ಎಲ್ಲಿ, ಶಾಲೆಗೆ ಹೇಗೆ ಬರುತ್ತೀ, ಮನೆಯಲ್ಲಿ ಯಾರು ಎಂತ ಕೆಲಸ ಮಾಡುತ್ತಾರೆ, ನೀನು ಎಂತ ಮಾಡುತ್ತೀ, ಯಾವ ಭಾಷೆ ಮಾತಾಡುತ್ತೀ. ಬರೆಯಲು ಕಷ್ಟವಿದ್ದವರು ಬಾಯಲ್ಲಿ ಹೇಳಬಹುದು. ಎಂಟನೇ ತರಗತಿಯ ಒಬ್ಬಳು ಎದ್ದು ನಿಂತು ಕೇಳಿದಳು, "ಟೀಚರ್, ಅಜ್ಜಿ ಬೈಯುದು ತುಳುವಿನಲ್ಲಿ, ಅಮ್ಮ ಮುದ್ದು ಮಾಡುದು ಮಲಯಾಳದಲ್ಲಿ. ಯಾವುದು ಬರೀಬೇಕು?"

"ನಿನಗೆ ಯಾವುದು ಜಾಸ್ತಿ ಸಿಗ್ತದೆ?"

"ಬೈಗುಳ, ಟೀಚರ್."

"ಹಾಗಾದ್ರೆ ತುಳು ಮೊದಲು ಬರಿ. ಮಲಯಾಳ ಕೆಳಗೆ."

ಹಾಳೆ ಬರೆಸಿದ್ದು ಸಾಲದೆಂದು ಮೇಷ್ಟ್ರುಗಳನ್ನು ಶನಿವಾರ ಮಧ್ಯಾಹ್ನ ಮನೆಮನೆಗೆ ಕಳಿಸಿದರು, ತಾವೂ ಹೋದರು. ಮೊದಲು ಗೊಣಗಿದ ವಿಜ್ಞಾನದ ಮೇಷ್ಟ್ರು ಎರಡನೇ ವಾರ ಬಂದು, "ಮೇಡಂ, ಹಿಂದಿನ ಬೆಂಚಿನಲ್ಲಿ ನಿದ್ದೆ ಮಾಡುವ ಆ ಇಬ್ಬರು ಎರಡು ಹೊಳೆ ದಾಟಿ ಬರ್ತಾರೆ. ನಾನು ಹೋದ ವರ್ಷಪೂರ್ತಿ ಅವರನ್ನು ಕುಂಭಕರ್ಣ ಅಂತ ಕರ್ದೆ" ಎಂದು ತಲೆಗೆ ಕೈಯಿಟ್ಟುಕೊಂಡು ಕುಳಿತರು. ಆ ಹಾಳೆಗಳನ್ನು ನೋಡಿ ನಾನು ಪುಸ್ತಕ ತಿದ್ದಿದೆ. ನನ್ನ ಚುಕ್ಕಿಗಳ ಜಾಗದಲ್ಲಿ ಒಂದೊಂದೇ ಮನೆ ಮೇಲೆದ್ದಿತು. ಆ ಕೆಲಸ ಮಾಡುವಾಗ ನನಗೆ ಸಂತೋಷವಾಗುತ್ತಿತ್ತು ಎಂಬುದನ್ನೂ ಹೇಳಬೇಕು. ಶಾಲೆ ಎಂದರೆ ಎಂತದೆಂದು ಅರುವತ್ತು ದಾಟಿದ ಮೇಲೆ ಕಲಿಯುತ್ತಿದ್ದೆ.

ಒಂದು ದಿನ ಅವರು ಎಂಟನೆಯ ಪಟ್ಟಿ ಮತ್ತು ಹತ್ತನೆಯ ಪಟ್ಟಿ ಪಕ್ಕ ಪಕ್ಕ ಇಟ್ಟುಕೊಂಡರು. "ಎಂಟಕ್ಕೆ ಸೇರಿದವರಲ್ಲಿ ಕೆಲವರು ಹತ್ತರಲ್ಲಿ ಇಲ್ಲ. ಎಲ್ಲಿ ಹೋದ್ರು ಸಾರ್?"

"ಟೀಸಿ ತಕ್ಕೊಂಡು ಹೋದ್ರು ಮೇಡಂ. ಪೋಷಕರ ಕೋರಿಕೆ."

"ಅರ್ಜಿ ತನ್ನಿ ನೋಡುವ."

ಕಪಾಟಿನಿಂದ ತಂದು ಕೊಟ್ಟೆ. ಅವರು ಒಂದೊಂದಾಗಿ ಮೇಜಿನ ಮೇಲೆ ಹರಡಿದರು. ಬೇರೆ ಬೇರೆ ವರ್ಷದ, ಬೇರೆ ಬೇರೆ ಮನೆಯ ಅರ್ಜಿಗಳು. ಕೆಳಗಿನ ಸಹಿಗಳಿಗೆ ಒಂದಕ್ಕೊಂದು ಸಂಬಂಧವಿಲ್ಲ. ಕೆಲವು ಹೆಬ್ಬೆಟ್ಟು, ಒಂದು ಮಲಯಾಳ. ಮೇಲಿನ ಅಕ್ಷರ ಮಾತ್ರ ಎಲ್ಲದರಲ್ಲೂ ಒಂದೇ, ಅಚ್ಚು ಹಾಕಿಸಿದಂತೆ. ಅವರು ಅವುಗಳನ್ನು ನೋಡಿದರು, ನನ್ನನ್ನು ನೋಡಿದರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ನಾನು ಹೆಡ್‌ಮಾಸ್ಟರರ ಮೇಲೆ ಹಾಕುತ್ತಿದ್ದೆ.

"ಇದರಲ್ಲಿ ಯಾರನ್ನು ಈಗ ವಾಪಸು ತರಬಹುದು?" ಎಂದಷ್ಟೇ ಕೇಳಿದರು.

ಹಳೆಯವರು ದೂರ ಹೋಗಿದ್ದರು, ಕೆಲವರಿಗೆ ಮದುವೆಯಾಗಿತ್ತು. ಕೈಗೆ ಸಿಗುವಂತಿದ್ದದ್ದು ಹಿಂದಿನ ವರ್ಷದ ಆ ಹುಡುಗಿ ಒಬ್ಬಳೇ. ಟೀಸಿಯನ್ನು ಎಲ್ಲಿಯೂ ಕೊಡದೆ ಮನೆಯಲ್ಲೇ ಇದ್ದಾಳೆ ಎಂದು ಆ ಕಡೆಯ ಮಕ್ಕಳು ಹೇಳಿದರು. ಈ ವರ್ಷವೂ ತಪ್ಪಿದರೆ ಅವಳು ಮತ್ತೆ ಶಾಲೆಯ ಮೆಟ್ಟಿಲು ಹತ್ತುವುದಿಲ್ಲವೆಂದು ನನಗೆ ಗೊತ್ತಿತ್ತು, ಮೇಡಂಗೂ ಗೊತ್ತಿತ್ತು. ಶನಿವಾರ ಜೀಪು ಹತ್ತಿದೆವು. ದಾರಿ ತೋರಿಸಲು ನಾನು. ಬೇಡ ಎನ್ನಲು ನನ್ನಲ್ಲಿ ಕಾರಣವಿರಲಿಲ್ಲ.

ತೋಟದ ರಬ್ಬರು ಮರಗಳಿಗೆಲ್ಲ ಮಳೆ ತಾಗದಂತೆ ಪ್ಲಾಸ್ಟಿಕ್ ಕಟ್ಟಿದ್ದರು. ಅಪ್ಪ ರಬ್ಬರಿನ ಶೀಟು ಒತ್ತುತ್ತಿದ್ದರು, ಹುಡುಗಿ ಬಕೆಟು ತೊಳೆಯುತ್ತಿದ್ದಳು. ಇಬ್ಬರ ನಡುವೆ ಹತ್ತು ಹೆಜ್ಜೆ ದೂರ. ನಾವಿದ್ದಷ್ಟು ಹೊತ್ತೂ ಅವರು ಅವಳನ್ನು ಹೆಸರು ಹಿಡಿದು ಕರೆಯಲಿಲ್ಲ, "ನೀರು ಕೊಡ್ಲಿಕ್ಕೆ ಹೇಳು" ಎಂದು ಹೆಂಡತಿಯ ಮೂಲಕ ಹೇಳಿಸಿದರು. ಮೇಡಂ ಬಂದ ವಿಷಯ ಹೇಳಿದಾಗ ಅವರು ಕೈ ಒರೆಸಿಕೊಂಡು ನಿಂತರು.

"ನಾನು ಎಂತ ಮಾಡುದು ಟೀಚರೇ? ಅವಳಿಗೇ ಬೇಡ. ಅಪ್ಪನತ್ರ ಹೇಳ್ಲಿಕ್ಕೆ ಆಗ್ಲಿಲ್ಲ, ಈ ಸಾರ್‌ನತ್ರ ಹೇಳಿದಾಳೆ. ನಾನು ನಾಲ್ಕನೇ ಕ್ಲಾಸಿಗೆ ಬಿಟ್ಟವ. ಇವಳನ್ನು ಓದಿಸ್ಬೇಕು ಅಂತ ಊರು ಬಿಟ್ಟು ಬಂದದ್ದು. ಅವಳೇ ಹಾಗೆ ಹೇಳಿದ ಮೇಲೆ ಮತ್ತೆ ಎಂತ ಮಾತು?"

ಮೇಡಂ ಹುಡುಗಿಯ ಕಡೆ ತಿರುಗಿದರು. "ಹೌದಾ ಮಗಾ?"

ಹುಡುಗಿ ನನ್ನ ಮುಖ ನೋಡಿದಳು. ಅವಳಿಗೂ ಆಗಲೇ ಗೊತ್ತಾದದ್ದು, ಇಷ್ಟು ತಿಂಗಳು ಅಪ್ಪ ಯಾಕೆ ಮಾತು ಬಿಟ್ಟರು ಎಂದು. ನಾನು ಆಗ ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಅವಳು ನನ್ನಿಂದ ಕಣ್ಣು ತೆಗೆದು, "ಈಗ ಓದ್ತೇನೆ ಟೀಚರ್" ಎಂದಳು. ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.

ಮೇಡಂಗೆ ಅರ್ಥವಾಯಿತು. ಅವರು ಆ ಅಪ್ಪನಿಗೆ ಕೈಮುಗಿದು, "ತಪ್ಪು ಶಾಲೆಯದ್ದು, ಮಗಳದ್ದಲ್ಲ. ಶಾಲೆಯ ಪರವಾಗಿ ನಾನು ಕೇಳಿಕೊಳ್ತೇನೆ, ಸೋಮವಾರ ಕಳಿಸಿ" ಎಂದರು. ಅಪ್ಪನಿಗೆ ಗಾಬರಿಯಾಯಿತು. "ಅಯ್ಯೋ, ನೀವು ಕೈಮುಗಿಯುದಾ! ಕಳಿಸ್ತೇನೆ, ಕಳಿಸ್ತೇನೆ" ಎಂದವರು ನನ್ನ ಕಡೆ ತಿರುಗಿ, "ನೀವು ಹೇಳಿಯೇ ಟೀಚರ್ ಇಷ್ಟು ದೂರ ಬಂದದ್ದು, ಅಲ್ವಾ ಸಾರ್? ದೊಡ್ಡ ಉಪಕಾರ ಆಯ್ತು" ಎಂದು ಚೀಲ ತುಂಬಾ ಮರಗೆಣಸು ತಂದುಕೊಟ್ಟರು. ನಾನು ಅದನ್ನು ಹೊತ್ತುಕೊಂಡು ಇಳಿದೆ.

ಜೀಪಿಗೆ ಕಾಯುವಾಗ ಮೇಡಂ ಹೇಳಿದರು: "ನಾನು ಹೇಳಿದ್ರೆ ಅದು ಚಾಡಿ ಆಗ್ತದೆ. ನೀವೇ ಬಂದು ಹೇಳ್ಬೇಕು ಸಾರ್." ಹೇಳುತ್ತೇನೆ ಎಂದೆ. ಶಾಲೆ ಬಿಡುವ ದಿನದವರೆಗೆ ಅವರು ಮತ್ತೆ ಆ ಮಾತು ಎತ್ತಲಿಲ್ಲ. ಅವರಿಗೆ ನನ್ನ ಮೇಲೆ ನಂಬಿಕೆಯಿತ್ತು.

ತಂಡದಿಂದ ಇಬ್ಬರು ಅಧಿಕಾರಿಗಳು ಬಂದರು. ಮೇಡಂ ಹಿಂದಿನ ವರ್ಷಗಳ ನೂರಕ್ಕೆ ನೂರನ್ನು ಮೊದಲು ತೋರಿಸಿದರು. ಆಮೇಲೆ ಇನ್ನೊಂದು ಹಾಳೆ ಮುಂದಿಟ್ಟರು. ಎಂಟಕ್ಕೆ ಸೇರಿದವರು ಎಷ್ಟು, ಅವರಲ್ಲಿ ಹತ್ತು ಮುಗಿಸಿದವರು ಎಷ್ಟು, ನಡುವೆ ಹೋದವರು ಯಾರು, ಈಗ ಎಲ್ಲಿದ್ದಾರೆ. ಒಬ್ಬ ಅಧಿಕಾರಿ ಕನ್ನಡಕ ತೆಗೆದು, "ಮೇಡಂ, ಇದಕ್ಕೆ ನಮ್ಮ ನಮೂನೆಯಲ್ಲಿ ಕಾಲಂ ಇಲ್ಲ" ಎಂದರು.

"ಹಿಂದಿನ ಪುಟ ಖಾಲಿ ಉಂಟಲ್ಲ ಸಾರ್? ಅಲ್ಲಿ ಬರೀರಿ."

ಅವರು ಬರೆದುಕೊಂಡರೋ ಇಲ್ಲವೋ ತಿಳಿಯದು. ಮಕ್ಕಳ ಹಾಳೆಗಳನ್ನು ಮಾತ್ರ ಬಹಳ ಹೊತ್ತು ಓದಿದರು. ನಮ್ಮ ಶಾಲೆಗೆ ಸಿಕ್ಕ ದರ್ಜೆ ಹಿಂದಿನದಕ್ಕಿಂತ ಕೆಳಗಿನದು. ಅಧ್ಯಕ್ಷರು ಕೆಂಪು ಮುಖ ಮಾಡಿಕೊಂಡು ಬಂದರು. "ಎಂತ ಮೇಡಂ, ಶಾಲೆ ನಡೆಸುದಾ, ಛತ್ರ ನಡೆಸುದಾ? ಹೋದವರನ್ನೆಲ್ಲ ಕರ್ಕೊಂಡು ಬರ್ತೀರಂತೆ!"

"ಛತ್ರದಲ್ಲಿ ಊಟ ಮುಗಿಯದೆ ಯಾರನ್ನೂ ಎಬ್ಬಿಸುದಿಲ್ಲ ಸಾರ್" ಎಂದರು ಮೇಡಂ.

ಆ ಹುಡುಗಿ ಸೋಮವಾರವೇ ಬಂದಳು. ಮಧ್ಯಾಹ್ನದ ಊಟದ ಬಳಿಕ ನಿಧಾನವಾಗಿ ಓದುವ ಮಕ್ಕಳನ್ನೆಲ್ಲ ಮೇಡಂ ತಮ್ಮ ಕೋಣೆಯಲ್ಲೇ ಕೂರಿಸಿ ಗಟ್ಟಿಯಾಗಿ ಓದಿಸುತ್ತಿದ್ದರು. ಅವಳ ಸ್ವರ ನನ್ನ ಮೇಜಿನವರೆಗೂ ಕೇಳುತ್ತಿತ್ತು. ದೀಪಾವಳಿಯ ಹೊತ್ತಿಗೆ ತಡವರಿಕೆ ಕಡಿಮೆಯಾಗಿತ್ತು. ಪರೀಕ್ಷೆಯಲ್ಲಿ ಅವಳು ಸಮಾಜ ವಿಜ್ಞಾನದಲ್ಲಿ ಬಿದ್ದಳು. ಜೊತೆಗೆ ಇನ್ನಿಬ್ಬರು. ಆ ವರ್ಷ ನೂರು ಬರಲಿಲ್ಲ, ಫ್ಲೆಕ್ಸ್ ಏಳಲಿಲ್ಲ. ಮೇಡಂ ರಜೆಯಲ್ಲಿ ಅವರನ್ನು ಕರೆದು ಪುನಃ ಓದಿಸಿದರು, ಪೂರಕ ಪರೀಕ್ಷೆಯಲ್ಲಿ ಮೂವರೂ ಪಾಸಾದರು. ಸೂಚನಾ ಫಲಕದಲ್ಲಿ ಮೇಡಂ ತಾವೇ ಚಾಕಿನಿಂದ ಬರೆದರು: 'ಎಂಟಕ್ಕೆ ಸೇರಿದವರಲ್ಲಿ ಈ ಸಲ ಯಾರೂ ಬಿಟ್ಟು ಹೋಗಿಲ್ಲ.' ಆ ಬೋರ್ಡಿನ ಮುಂದೆ ನಿಂತು ಮಕ್ಕಳಿಗಿಂತ ಹೆಚ್ಚು ಹೊತ್ತು ನೋಡಿದವನು ನಾನು. ಅದರಷ್ಟು ದೊಡ್ಡ ಫಲಿತಾಂಶ ನಮ್ಮ ಶಾಲೆಗೆ ಮೊದಲು ಬಂದಿರಲಿಲ್ಲ.

ಮೇಡಂ ನಿವೃತ್ತರಾಗಿ ಸುಳ್ಯದ ಕಡೆ ತಮ್ಮ ಊರಿಗೆ ಹೋಗುವ ದಿನ ನಾನು ಅವರ ಮುಂದೆ ಎಲ್ಲ ಅರ್ಜಿಗಳ ವಿಷಯದಲ್ಲೂ ತಪ್ಪೊಪ್ಪಿಕೊಂಡೆ. "ಆ ಹುಡುಗಿಯ ಮನೆಗೆ ಹೋಗಿ ಹೇಳಿದ್ರಾ?" ಎಂದು ಕೇಳಿದರು. ಇಲ್ಲ ಎಂದೆ. ಅವರು ನಿಟ್ಟುಸಿರು ಬಿಟ್ಟರು, ಅಷ್ಟೇ.

ಕಳೆದ ವರ್ಷ ಸಕ್ಕರೆ ಕಾಯಿಲೆಯ ಪರೀಕ್ಷೆಗೆಂದು ಪುತ್ತೂರಿನ ಒಂದು ಲ್ಯಾಬಿಗೆ ಹೋಗಿದ್ದೆ. ರಕ್ತ ತೆಗೆಯಲು ಬಂದವಳು ಕೈಗೆ ಪಟ್ಟಿ ಬಿಗಿದು, "ಮುಷ್ಟಿ ಹಿಡೀರಿ ಸಾರ್" ಎಂದಳು. ಆಮೇಲೆ, "ಗುರ್ತ ಸಿಗ್ಲಿಲ್ವಾ?" ಎಂದಳು. ಅದೇ ಹುಡುಗಿ. ಸೂಜಿ ಚುಚ್ಚಿದ್ದು ಗೊತ್ತೇ ಆಗಲಿಲ್ಲ, ಅಷ್ಟು ಹಗುರ ಕೈ. ನಾನು ಅಲ್ಲಿಯೇ ಕೇಳಿಬಿಟ್ಟೆ, "ಆ ದಿನ ನೀನು ಯಾಕೆ ಸುಮ್ಮನಿದ್ದೆ?"

"ನಿಮ್ಮನ್ನು ಸುಳ್ಳ ಅಂದ್ರೆ ನೀವು ಪುಸ್ತಕದಲ್ಲಿ ಹೆಸರು ಬರೀತೀರೋ ಇಲ್ವೋ ಅಂತ ಹೆದರಿಕೆ ಆಯ್ತು ಸಾರ್."

"ತಪ್ಪಾಯ್ತು ಮಗಾ. ನನ್ನಿಂದ ದೊಡ್ಡ ತಪ್ಪಾಯ್ತು."

ಅವಳು ಹತ್ತಿ ಒತ್ತಿ ಹಿಡಿದಳು. "ನನಗೆ ಬೇಡ ಸಾರ್, ಬಿಡಿ. ಅಪ್ಪನತ್ರ ಹೇಳಿ. ಈಗ ನನ್ನತ್ರ ಚೆಂದ ಮಾತಾಡ್ತಾರೆ. ಆದ್ರೆ ಎಂತಾದ್ರೂ ಮಾತು ಬಂದ್ರೆ, 'ನೀನು ಒಂದು ಸಲ ಶಾಲೆಯೇ ಬೇಡ ಅಂದವಳಲ್ವಾ, ನಿನ್ನ ಮನಸ್ಸು ಯಾರಿಗೆ ಗೊತ್ತು' ಅಂತ ಹೇಳ್ತಾರೆ. ತಮಾಷೆಗೆ ಹೇಳುದು. ಆದ್ರೂ ಹೇಳ್ತಾರೆ."

"ನೀನು ಹೇಳ್ಲಿಲ್ವಾ, ಹಾಗಲ್ಲ ಅಂತ?"

"ಎಷ್ಟು ಸಲ ಹೇಳಿದೆ. ನಂಬುದಿಲ್ಲ. 'ಸಾರ್ ಯಾಕೆ ಸುಳ್ಳು ಹೇಳ್ತಾರೆ?' ಅಂತ ಕೇಳ್ತಾರೆ."

ಹೊರಗೆ ಇನ್ನೂ ಜನ ಕಾಯುತ್ತಿದ್ದರು. ಅವಳು ಮುಂದಿನವರನ್ನು ಕರೆದಳು.

ಆ ಅಪ್ಪ ಈಗಲೂ ಆ ತೋಟದಲ್ಲಿಯೇ ಇದ್ದಾರೆ. ಪೇಟೆಯಲ್ಲಿ ಸಿಕ್ಕಿದರೆ ಎದ್ದು ನಿಂತು ಜಾಗ ಕೊಡುತ್ತಾರೆ, ಜೊತೆಯವರಿಗೆ "ನನ್ನ ಮಗಳನ್ನು ಪುನಃ ಶಾಲೆಗೆ ಸೇರಿಸಿದ ಸಾರ್ ಇವರು" ಎಂದು ಪರಿಚಯ ಮಾಡಿಸುತ್ತಾರೆ. ಪ್ರತಿ ಸಲವೂ ಆರೋಗ್ಯ ವಿಚಾರಿಸಿ ಬರುತ್ತೇನೆ. ಮೇಡಂನ ಹತ್ತಿರ ಕ್ಷಮೆ ಕೇಳಿದ್ದಾಯಿತು, ಹುಡುಗಿಯ ಹತ್ತಿರವೂ ಕೇಳಿದ್ದಾಯಿತು. ಅದು ಸುಲಭವಾಗಿತ್ತು, ಅವರಿಬ್ಬರಿಗೂ ನಾನು ಎಂಥವನೆಂದು ಮೊದಲೇ ಗೊತ್ತಿತ್ತು. ನಾನು ಇಂದಿಗೂ ಕ್ಷಮೆ ಕೇಳದೆ ಉಳಿದಿರುವುದು ಸ್ವಂತ ಮಗಳ ಮಾತಿಗಿಂತ ಶಾಲೆಯ ಗುಮಾಸ್ತನ ಮಾತನ್ನು ಹೆಚ್ಚು ನಂಬಿದ ಆ ರಬ್ಬರು ಕೆತ್ತುವ ಅಪ್ಪನಲ್ಲಿ.